ಹದಿನೇಳನೇ ನಾಯಿಯ ಬಾಲ

ರಾನ್‌ಫರ್ಲಿ,
ಏಪ್ರಿಲ್ 7, ಭಾನುವಾರ

ಪ್ರೀತಿಯ ತಂಗಿ ಶೀನಾ,

‘ಪ್ರೀತಿಯ’ ಎಂದು ರೂಢಿಗೆ ಬರೆದದ್ದು, ಅದಕ್ಕೆ ಹೆಚ್ಚು ಅರ್ಥ ಹಚ್ಚಬೇಡ. ನಿನ್ನ ಮೂರು ಪತ್ರಗಳು ಬಂದು ತಿಂಗಳು ಕಳೆಯಿತು. ತಡವಾದದ್ದಕ್ಕೆ ಕ್ಷಮೆ ಕೇಳಬೇಕು, ಕೇಳಿದೆ ಎಂದುಕೋ. ಫೋನ್ ಮಾಡಿದರೆ ಬಾಯಿಗೆ ಬಂದದ್ದೆಲ್ಲ ಆಡಿಬಿಡುತ್ತೇನೆ, ಅದಕ್ಕೇ ಕಾಗದ ಹಿಡಿದಿದ್ದೇನೆ. ಆರೋಗ್ಯವಾಗಿದ್ದೇನೆ. ಭೂಮಿಯ ಈ ದಕ್ಷಿಣದ ತುದಿಯಲ್ಲಿ ಏಪ್ರಿಲ್‌ಗೇ ಚಳಿ ಶುರುವಾಗುತ್ತಿದ್ದಂತೆ ಮೊಣಕಾಲು ಮಾತ್ರ ತಕರಾರು ತೆಗೆದಿದೆ. ಬೆಟ್ಟದ ಮೇಲೆ ಇನ್ನೂ ಎಂಟುನೂರು ಕುರಿಗಳಿವೆ, ಹಿಮ ಬೀಳುವ ಮೊದಲು ಇಳಿಸಬೇಕು. ಗಂಡನೆನಿಸಿಕೊಂಡ ರಾಸ್ ನನ್ನನ್ನು ಬಿಟ್ಟು ಹೋದಮೇಲೆ ಆ ಕೆಲಸಕ್ಕೆ ಉಳಿದವರು ನಾನು ಮತ್ತು ನನ್ನ ನಾಯಿ ಟಿಬ್, ಇಬ್ಬರೇ.

ನಿನ್ನ ಸಂಶೋಧನೆಯ ಸುದ್ದಿ ನಮ್ಮೂರ ಪತ್ರಿಕೆಯಲ್ಲೂ ಬಂತು. ಅಭಿನಂದನೆ. ಮೂವತ್ತು ನಾಯಿಗಳ ಎದುರು ಯಜಮಾನರು, ಮನೆಯ ಇನ್ನೊಬ್ಬರು, ಕೊನೆಗೆ ಒಬ್ಬರು ಅಪರಿಚಿತರು, ಒಬ್ಬೊಬ್ಬರಾಗಿ ಒಂದು ನಿಮಿಷ ತುಟಿ ಬಿಚ್ಚದೆ ನಿಲ್ಲಬೇಕು. ಬಾಲ ಬಲಕ್ಕೆ ಹೆಚ್ಚು ಬೀಸಿದರೆ ಪ್ರೀತಿ, ಎಡಕ್ಕೆ ಬೀಸಿದರೆ ಅನುಮಾನ! ನೆರೆತ ಗಡ್ಡದ ಪ್ರಾಧ್ಯಾಪಕರೊಬ್ಬರು ಕೋನಮಾಪಕ ಹಿಡಿದು ನಾಯಿಯ ಹಿಂಭಾಗ ಅಳೆಯುತ್ತಿರುವ ಚಿತ್ರ ನೋಡಿ ಊರೇ ನಕ್ಕಿತು. ನಾನೂ ನಗುತ್ತಿದ್ದೆ, ಹದಿನೇಳನೇ ನಾಯಿ ನನ್ನದಲ್ಲದೇ ಹೋಗಿದ್ದರೆ.

‘ಹದಿನೇಳನೇ ನಾಯಿ: ಕುರಿ ಸಾಕುವ ಹೆಂಡತಿಯ ಎದುರು ಬಾಲ ಅಲುಗಲಿಲ್ಲ, ಗಂಡನ ಎದುರು ಬಲಕ್ಕೆ.’ ಹೆಸರು ಹಾಕಿಲ್ಲ ಎಂದು ನೀನು ಬರೆದಿದ್ದೀಯ. ಈ ಸುತ್ತಮುತ್ತ ಕುರಿ ಸಾಕುವ ಹೆಂಡತಿಯರು ಎಷ್ಟು ಜನ ಇದ್ದಾರೆ ಹೇಳು. ಹರಾಜಿನ ದಿನ ಕುರಿದೊಡ್ಡಿಯ ಹತ್ತಿರ ಚೀಸ್ ರೋಲ್ ತಿನ್ನುತ್ತಾ ನಿಂತಿದ್ದೆ. ಮುದುಕ ಹಾಮಿಶ್ ಎಲ್ಲರೆದುರು ಶುರುಮಾಡಿದ, “ಏನಮ್ಮಾ ಮೊರಾಗ್, ನಿನ್ನ ಕಂಡ್ರೆ ನಾಯೀನೂ ಬಾಲ ಮಡಚ್ಕೊಳ್ಳುತ್ತಂತೆ! ರಾಸ್ ಯಾಕೆ ಓಡಿಹೋದ ಅಂತ ಈಗ ಗೊತ್ತಾಯ್ತು ಬಿಡು.”

“ನಿಂಗೊಂದು ಬಾಲ ಇದ್ದಿದ್ರೆ ನಿನ್ನ ಹೆಂಡ್ತಿ ಯಾವತ್ತೋ ಕತ್ತರಿಸಿ ಹಾಕಿರ್ತಿದ್ಳು, ಸುಮ್ನಿರೋ ಮುದುಕ” ಅಂದೆ. ಎಲ್ಲರೂ ನಕ್ಕರು. ನಾನು ಕೈಯಲ್ಲಿ ಉಳಿದದ್ದನ್ನು ಟಿಬ್‌ಗೆ ಹಾಕಿ ಮನೆಯ ದಾರಿ ಹಿಡಿದೆ.

ಅವಮಾನವಾದರೆ ನುಂಗಿಕೊಳ್ಳಬಹುದು. ಆದರೆ ರಾಸ್‌ನ ವಕೀಲರು ನಿನ್ನ ಲೇಖನದ ಪ್ರತಿ ಕಳಿಸಿದ್ದಾರೆ. ಕುರಿ, ಟ್ರಕ್ಕು, ಪಾತ್ರೆ ಎಲ್ಲ ಪಾಲಾಗಿದೆ, ಟಿಬ್ ಒಬ್ಬಳೇ ಬಾಕಿ. ಹದಿನೆಂಟನೇ ತಾರೀಕು ಗುರುವಾರ ಮಧ್ಯಸ್ಥರ ಮುಂದೆ ಅದರ ತೀರ್ಮಾನ. “ನಾಯಿಗೆ ನಾನೇ ಬೇಕು ಅಂತ ವಿಜ್ಞಾನಾನೇ ಹೇಳ್ತಿದೆಯಲ್ಲ” ಎಂದು ರಾಸ್ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಗಾಯದ ಮೇಲೆ ಬರೆ ಎಳೆಯಲು ಕಬ್ಬಿಣ ಕಾಯಿಸಿಕೊಟ್ಟವಳು ನೀನು.

ನೀನು ಈ ಮನೆಯಲ್ಲೇ ಹುಟ್ಟಿದವಳು ಶೀನಾ. ಕುರಿ ಕಾಯುವ ನಾಯಿಯ ಬಾಲದ ಬಗ್ಗೆ ನಿನಗೆ ಬೇರೆಯವರು ಪಾಠ ಹೇಳಬೇಕೇ? ಅಪ್ಪ ದಿನಾ ಹೇಳುತ್ತಿದ್ದರು, “ಬಾಲ ಮೇಲಿದ್ರೆ ನಾಯಿ ಆಟಕ್ಕೆ ಬಂದಿದೆ, ಕೆಳಗಿದ್ರೆ ಕೆಲಸಕ್ಕೆ ಬಂದಿದೆ” ಎಂದು. ಆ ದಿನ ನಿನ್ನ ಪ್ರಯೋಗಾಲಯದಲ್ಲಿ ಟಿಬ್ ನನ್ನೆದುರು ಬಾಲ ಇಳಿಸಿ, ಹೊಟ್ಟೆಯನ್ನು ನೆಲಕ್ಕೆ ಹಚ್ಚಿ, ಕಣ್ಣು ಕೀಳದೆ ಕೂತದ್ದು ನನ್ನ ಸಿಳ್ಳೆಗೆ ಕಾದು. ಸಿಳ್ಳೆ ಹಾಕಬೇಡ ಎಂದವಳು ನೀನು. ರಾಸ್ ಅವಳನ್ನು ಒಂದು ದಿನವೂ ಬೆಟ್ಟಕ್ಕೆ ಕರೆದೊಯ್ದವನಲ್ಲ, ಜೇಬಿನಿಂದ ಬಿಸ್ಕತ್ತು ತೆಗೆದುಕೊಡುತ್ತಿದ್ದ ಅಷ್ಟೆ. ನಾಯಿ ಬಾಲ ಡೊಂಕು ಅನ್ನುತ್ತಾರೆ, ಇಲ್ಲಿ ಡೊಂಕಾದದ್ದು ನಿಮ್ಮ ಅಳತೆ. ಫೆಬ್ರವರಿಯಲ್ಲಿ ಇದನ್ನೇ ಫೋನಿನಲ್ಲಿ ಹೇಳಿದಾಗ ನೀನು ಅಂದದ್ದು ನೆನಪಿದೆ, “ಅಕ್ಕಾ, ಅವು ಬರೀ ಅಂಕಿಗಳು. ನೀನ್ಯಾಕೆ ಎಲ್ಲಾನೂ ಮೈಮೇಲೆ ಹಾಕ್ಕೊಳ್ತೀಯ?”

ನನಗೆ ಭಯವಾಗಿದೆ. ಟಿಬ್ ಇಲ್ಲದೆ ಕುರಿಗಳು ಇಳಿಯುವುದಿಲ್ಲ, ಈ ಮೊಣಕಾಲಿನಲ್ಲಿ ನಾನು ಅವುಗಳ ಹಿಂದೆ ಓಡಲಾರೆ. ಹೊಸ ನಾಯಿಯನ್ನು ಪಳಗಿಸಲು ಎರಡು ವರ್ಷ ಬೇಕು, ಅಷ್ಟರಲ್ಲಿ ಈ ಜಮೀನು ನನ್ನ ಕೈಯಲ್ಲಿ ಉಳಿದಿರುವುದಿಲ್ಲ. ಮಧ್ಯಸ್ಥರಿಗೆ ಎರಡೇ ಸಾಲು ಬರೆ: ಕೆಲಸದ ನಾಯಿಗೆ ಈ ಪರೀಕ್ಷೆ ಸಲ್ಲುವುದಿಲ್ಲ. ನಿನ್ನ ಸಹಿ ಇದ್ದರೆ ಸಾಕು.

ದೇವರು ನಿನಗೆ ಇನ್ನೂ ನೂರು ನಾಯಿಗಳನ್ನೂ ಅಳತೆಗೆ ಸಿಗುವ ನೂರು ಬಾಲಗಳನ್ನೂ ಕರುಣಿಸಲಿ. ಚಳಿಯಲ್ಲಿ ಎದೆ ಮುಚ್ಚಿಕೊಂಡು ತಿರುಗು, ನಿನ್ನ ಕೆಮ್ಮು ಅಮ್ಮನದೇ.

ನಿನ್ನ ಅಕ್ಕ,
ಮೊರಾಗ್

ವಿ.ಸೂ.: ಪತ್ರಿಕೆಯಲ್ಲಿ ಅಚ್ಚಾಗದ ಪೂರ್ತಿ ಪಟ್ಟಿಯನ್ನೂ ವಕೀಲರು ಲೇಖನದ ಜೊತೆ ಕಳಿಸಿದ್ದಾರೆ. ಪಾಪ, ಅವರು ಅದನ್ನು ಪೂರ್ತಿ ಓದಿದಂತಿಲ್ಲ. ಆ ದಿನ ಅಪರಿಚಿತಳಾಗಿ ನಿಲ್ಲಬೇಕಿದ್ದ ಹುಡುಗಿಗೆ ಜ್ವರವೆಂದು ನೀನೇ ಒಳಗೆ ಹೋದೆ, ನಾನೂ ರಾಸ್‌ನೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಅಪರಿಚಿತರನ್ನು ಕಂಡು ಇಪ್ಪತ್ತೊಂಬತ್ತು ನಾಯಿಗಳ ಬಾಲ ಎಡಕ್ಕೆ ಬೀಸಿದೆ. ಟಿಬ್‌ಳದು ಮಾತ್ರ ಬಲಕ್ಕೆ, ರಾಸ್‌ನನ್ನು ಕಂಡಾಗ ಬೀಸಿದ್ದಕ್ಕಿಂತಲೂ ಜೋರಾಗಿ. ಪಕ್ಕದಲ್ಲಿ ನಿನ್ನದೇ ಅಕ್ಷರ: ‘ಅಸಹಜ, ಕೈಬಿಟ್ಟಿದೆ.’

ಅಪ್ಪನನ್ನು ಮಣ್ಣು ಮಾಡಿದ ಮೇಲೆ ಐದು ವರ್ಷದಿಂದ ನೀನು ಈ ಕಡೆ ತಲೆ ಹಾಕಿಲ್ಲ. ಟಿಬ್‌ಗೆ ಈಗ ಮೂರು ವರ್ಷ. ತಿಂಗಳಿಗೆ ಎರಡು ಶನಿವಾರ ರಾಸ್ ಕುರಿಗಳ ಔಷಧಿಗೆಂದು ನಿಮ್ಮ ನಗರಕ್ಕೆ ಹೋಗುವಾಗ ಅವಳನ್ನೂ ಟ್ರಕ್ಕಿನಲ್ಲಿ ಕೂರಿಸಿಕೊಳ್ಳುತ್ತಿದ್ದ. ಒಮ್ಮೊಮ್ಮೆ ರಾತ್ರಿ ಅಲ್ಲೇ ಉಳಿಯುತ್ತಿದ್ದ. ನಿನ್ನ ಬಾಲದ ವಿಜ್ಞಾನವನ್ನು ನಾನು ನಂಬುವುದಿಲ್ಲ, ಆದರೆ ಟಿಬ್ ಕಂಡರಿಯದವರ ಎದುರು ಬಾಲ ಅಲ್ಲಾಡಿಸುವವಳಲ್ಲ.

ಗಂಡನನ್ನು ನೀನೇ ಇಟ್ಟುಕೋ. ನಾಯಿಯನ್ನು ಕೊಡಲಾರೆ.