ಕೇಳುವವರ ಗುರುತು

ನಿಶಾತ್,

ನೀನು ಸಿಂಧನೂರು ಬಿಟ್ಟು ಹದಿನಾಲ್ಕು ತಿಂಗಳಾದವು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನನ್ನ ತಪ್ಪೆಷ್ಟು ಎಂಬುದು ನಿನಗೆ ಪೂರ್ತಿ ಗೊತ್ತಿಲ್ಲ.

ಮುದಗಲ್ಲಿನ ಗಂಡನ ಮನೆಯಿಂದ ಮುರಿದ ಮುಂಗೈ ಹಿಡಿದುಕೊಂಡು ಬಂದವಳು ನೀನು. ಸಿಂಧನೂರಿನಲ್ಲಿ ಕೋಣೆ ಹಿಡಿದು ನರ್ಸಿಂಗ್ ಮುಗಿಸಿದೆ. ಆಗ ನಾನು ಸಂಸ್ಥೆಯೊಂದರ ಪರವಾಗಿ ಊರೂರು ತಿರುಗಿ, ಪ್ರಮಾಣಪತ್ರಗಳನ್ನು ಫೋನಿನಲ್ಲಿ ಇಟ್ಟುಕೊಳ್ಳುವುದನ್ನು ಕಲಿಸುತ್ತಿದ್ದೆ. ಅವು ಯಾವ ಕಚೇರಿಯ ಕಪಾಟಿನಲ್ಲೂ ಇರುವುದಿಲ್ಲ, ನಿಮ್ಮ ಕೈಯಲ್ಲೇ ಇರುತ್ತವೆ, ನೀವು ಒಪ್ಪಿದರಷ್ಟೇ ಇನ್ನೊಬ್ಬರಿಗೆ ಕಾಣುತ್ತವೆ ಎನ್ನುತ್ತಿದ್ದೆ. ಅದು ಸುಳ್ಳಲ್ಲ.

ಮಸ್ಕಿಯ ಉದ್ಯೋಗ ಮೇಳದಲ್ಲಿ ಒಬ್ಬ ಆಸ್ಪತ್ರೆಯೊಂದರ ಹೆಸರು ಹೇಳಿಕೊಂಡು ಮೇಜು ಹಾಕಿದ್ದ. ನೀನು ಅವನ ಕೋಡ್ ಸ್ಕ್ಯಾನ್ ಮಾಡಿದಾಗ ಫೋನು ನರ್ಸಿಂಗ್ ಪ್ರಮಾಣಪತ್ರದ ಜೊತೆ ವಿಳಾಸವನ್ನೂ ಕೇಳಿತು. ನೀನು ಬೆರಳು ಹಿಂದೆಗೆದು, ನೆರವಿಗೆಂದು ಅಲ್ಲಿ ನಿಂತಿದ್ದ ನನ್ನತ್ತ ತಿರುಗಿದೆ.

“ಅಕ್ಕಾ, ನಾ ಖರೆ ಅದೀನೋ ಇಲ್ಲೋ ಅಂತ ಇವರು ನೋಡತಾರ. ಇವರು ಖರೆ ಅದಾರೋ ಇಲ್ಲೋ ಅಂತ ನಾ ಎಲ್ಲಿ ನೋಡ್ಲಿ?”

ಹಿಂದೆ ಮೂವತ್ತು ಮಂದಿ ಸಾಲಿನಲ್ಲಿದ್ದರು. “ಕೋಡ್ ಐತಲ್ಲ, ಹೂಂ ಅಂತ ಒತ್ತು” ಎಂದೆ. ನೀನು ಒತ್ತಿದೆ.

ಆ ಮೇಜಿನವನು ನೀನು ಎಂದೂ ನೋಡಿರದ, ನಿನ್ನ ಗಂಡನ ಗೆಳೆಯ. ನಾಲ್ಕನೆಯ ದಿನ ಗಂಡ ನಿನ್ನ ಬಾಗಿಲಿಗೆ ಬಂದ. ಮನೆಯೊಡತಿ ಅಯ್ಯಮ್ಮ ಅಡ್ಡ ನಿಂತು, “ಇಕಿ ನನ್ನ ಮನ್ಯಾಗ ಅದಾಳ, ನೀ ಹೊಳ್ಳಿ ಹೋಗು” ಎಂದದ್ದರಿಂದ ನೀನು ಉಳಿದೆ. ಮರುದಿನವೇ ಊರು ಬಿಟ್ಟೆ.

ನಿನಗೆ ಗೊತ್ತಿಲ್ಲದ್ದು ಇದು. ಕೇಳುವವರ ಗುರುತು ಪರೀಕ್ಷಿಸುವ ವ್ಯವಸ್ಥೆ ಇನ್ನೂ ಬಂದಿಲ್ಲವೆಂದು, ಯಾರು ಬೇಕಾದರೂ ಯಾವ ಹೆಸರಿನಲ್ಲಾದರೂ ಕೋಡ್ ಮಾಡಿಕೊಳ್ಳಬಹುದೆಂದು ಸಂಸ್ಥೆಯವರು ನನಗೆ ಮೊದಲೇ ತಿಳಿಸಿದ್ದರು. ಜನ ಹಿಂಜರಿದಾರೆಂದು ನಾನು ಯಾರಿಗೂ ಹೇಳಲಿಲ್ಲ.

ನೀನು ಹೋದ ಮೇಲೆ ಎಲ್ಲವನ್ನೂ ಬರೆದು, ನನ್ನ ಹೆಸರು ಹಾಕಿ, ಸಂಸ್ಥೆಗೆ ಕೊಟ್ಟೆ. ಕೆಲಸ ಹೋಯಿತು. ಎಂಟು ತಿಂಗಳ ಮೇಲೆ ಬದಲಾವಣೆಯೂ ಬಂತು. ಈಗ ಕೇಳುವವರು ಯಾರು, ಅವರಿಗೆ ಆ ಅಧಿಕಾರ ಕೊಟ್ಟವರು ಯಾರು, ಏನು ಏಕೆ ಬೇಕು ಎಂಬುದು ಮೊದಲು ತೋರುತ್ತದೆ. ಕಳೆದ ವಾರ ಲಿಂಗಸುಗೂರಿನಲ್ಲಿ ಗುಲ್ಷನ್‌ಬೀ ಎಂಬ ಹೆಂಗಸಿನ ಫೋನಿನಲ್ಲಿ ‘ಇವರ ಗುರುತು ಖಚಿತವಾಗಿಲ್ಲ’ ಎಂದು ಬಂದದ್ದನ್ನು ಕಂಡೆ. ಕೋಡ್ ಒಡ್ಡಿದವನಿಗೆ “ಮೊದಲ ನಿಂದು ತೋರಸಪಾ” ಎಂದವರೇ ಫೋನನ್ನು ಚೀಲಕ್ಕೆ ಹಾಕಿಕೊಂಡರು. ಇದರಿಂದ ನಿನಗೆ ಆ ಕೋಣೆ ಮರಳಿ ಸಿಗುವುದಿಲ್ಲ, ಗೊತ್ತು.

ಈ ಪತ್ರವನ್ನು ನಿನ್ನ ಚಿಕ್ಕಮ್ಮ ಶಂಶಾದ್‌ಬೀ ಮನೆಯಲ್ಲೇ ಕೂತು ಬರೆದು ಅವರ ಕೈಗೆ ಕೊಡುತ್ತಿದ್ದೇನೆ. ಲಕೋಟೆಯ ಮೇಲೆ ವಿಳಾಸ ಬರೆಯಲು ಅವರು ಪೆನ್ನು ಕೇಳಿದರು. ನಾನು ಹೋದ ಮೇಲೆ ಬರೆಯಿರಿ ಎಂದೆ.

ನಿನ್ನ ಬಾಗಿಲು ನೀನು ಬಯಸಿದವರಿಗಷ್ಟೇ ತೆರೆಯಲಿ.

ಭಾರತಿ
ಮಸ್ಕಿ