ಕೆಳಗಿನ ಅಡುಗೆಮನೆ

ಹ್ಯಾಮಿಲ್ಟನ್
ಸೆಪ್ಟೆಂಬರ್ ೯

ಮುದ್ದಿನ ತಂಗಿ ಎರ್ಸಿಲಿಯಾಗೆ,

ನಿನ್ನ ಅಕ್ಕನ ಅಪ್ಪುಗೆ. ಟೊರಾಂಟೊದಿಂದ ನೀನು ಕಳಿಸಿದ ಹನ್ನೆರಡು ಬಾಟಲಿ ಟೊಮೆಟೊ ಸಾಸ್ ತಲುಪಿತು. ಒಂದೂ ಒಡೆದಿಲ್ಲ. ನಾನು ಒಂದನ್ನೂ ತೆರೆದಿಲ್ಲ. ನನಗೆ ಕೋಪ ಬಂದಿದೆ, ಮೊದಲೇ ಹೇಳಿಬಿಡುತ್ತೇನೆ.

ಪ್ರತಿ ಸಲ ನಿನ್ನ ನೆಲಮಾಳಿಗೆಯಲ್ಲೇ ನಾವೆಲ್ಲ ಸೇರಿ ವರ್ಷಕ್ಕಾಗುವಷ್ಟು ಸಾಸ್ ಕುದಿಸುವ ದಿನ ಈ ಆಗಸ್ಟ್‌ನಲ್ಲಾದರೂ ನನ್ನ ಮನೆಯಲ್ಲಿ ಎಂದುಕೊಂಡಿದ್ದೆ. ಅಂದುಕೊಳ್ಳದೆ ಇನ್ನೇನು? ನಗರಸಭೆಯ ಇನ್ಸ್‌ಪೆಕ್ಟರ್ ಬಂದು, ನಿನ್ನ ನೆಲಮಾಳಿಗೆಯ ಸೂರು ತಗ್ಗು, ಬೆಂಕಿ ಬಿದ್ದರೆ ಹೊರಗೆ ದಾಟುವಷ್ಟು ಕಿಟಕಿ ಇಲ್ಲ, ಅಲ್ಲಿ ಯಾರೂ ಮಲಗಕೂಡದು ಎಂದು ಬರೆದುಕೊಟ್ಟು ಹೋದನಲ್ಲ. ಅಲ್ಲಿದ್ದ ಅಮ್ಮ ಇನ್ನು ನನ್ನಲ್ಲಿಗೇ ಬರುತ್ತಾಳೆಂದು ಕೋಣೆಗೆ ಬಣ್ಣ ಹೊಡೆಸಿದೆ, ಹೊಸ ಹಾಸಿಗೆ ತರಿಸಿದೆ. ಸಾಸ್ ಕುದಿಸಲೆಂದೇ ಮಾಡಿಸಿದ ನನ್ನ ಕೆಳಗಿನ ಅಡುಗೆಮನೆಯ ಒಲೆಗೆ ಇಪ್ಪತ್ತು ವರ್ಷದಲ್ಲಿ ಒಂದು ಕಲೆ ಬಿದ್ದಿಲ್ಲ. "ಅಕ್ಕಾ, ನಿನ್ ಒಲೆ ನೋಡೋಕೆ ಟಿಕೆಟ್ ಇಡು" ಎಂದು ನೀನೇ ಛೇಡಿಸುತ್ತಿದ್ದೆ.

ಅಮ್ಮ ಏನು ಮಾಡಿದಳು? ಮೆಟ್ಟಿಲು ಹತ್ತಿ ನಿನ್ನ ಮಲಗುವ ಕೋಣೆ ಸೇರಿದಳು. ನೀನೂ ನಿನ್ನ ಗಂಡ ನುಂಜಿಯೊನೂ ಸೋಫಾಕ್ಕೆ ಬಿದ್ದಿರಿ. ಆಮೇಲೆ ನೆಲ ಅಗೆಸಿ ತಗ್ಗಿಸಿದಿರಿ, ಗೋಡೆ ಒಡೆಸಿ ದೊಡ್ಡ ಕಿಟಕಿ ಇಡಿಸಿದಿರಿ, ಬೇರೆ ಬಾಗಿಲು, ಬೆಂಕಿ ತಡೆಯುವ ಹಲಗೆ, ಪರವಾನಗಿ, ಎಲ್ಲ ಸೇರಿ ತೊಂಬತ್ತೆರಡು ಸಾವಿರ ಡಾಲರ್. ಸಾಲ ತೀರಲೆಂದು ಬಾಡಿಗೆಗೆ ಕೊಟ್ಟಿರಿ. "ಕೆಳಗಡೆ ಬಾಡಿಗೆಯವಳು ಇದ್ದಾಳೆ, ಇನ್ನೆಲ್ಲಿ ಟೊಮೆಟೊ?" ಎಂದು ಫೋನಿನಲ್ಲಿ ನೀನಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಅಂದೇ ಹೋಗಿ ಹತ್ತು ಪೆಟ್ಟಿಗೆ ಹಣ್ಣಿಗೆ ಹೇಳಿಬಂದೆ.

ಅಷ್ಟರಲ್ಲಿ ಆ ಬಾಡಿಗೆಯವಳು, ಟಿಬೆಟಿನ ನರ್ಸ್ ತ್ಸೆರಿಂಗ್, "ಅಜ್ಜಿ, ಇಲ್ಲೇ ಮಾಡಿ, ನಂಗೂ ಕಲಿಸಿ" ಎಂದು ಬಾಗಿಲು ತೆರೆದಳಂತೆ. ನೀನು ನನ್ನನ್ನು ಕರೆಯಲು ಮೂರು ಸಲ ಫೋನ್ ಮಾಡಿದ್ದು ನಿಜ, ನಾನೇ ಎತ್ತಲಿಲ್ಲ. ನಲವತ್ತು ವರ್ಷ ನಾನು ತಿರುಗಿಸಿದ ಟೊಮೆಟೊ ಹಿಂಡುವ ಯಂತ್ರದ ಹಿಡಿಯನ್ನು ಅಮ್ಮ ಅವಳಿಗೆ ಕೊಟ್ಟಳಂತೆ. "ನಿನ್ ಕೈ ನಮ್ ಫಿಲೊಮೆನಾ ಕೈಗಿಂತ ಹಗುರ ಕಣೇ" ಎಂದಳಂತೆ. ಇದನ್ನು ನೀನು ನನಗೆ ಬರೆಯಲೇಬೇಕಿತ್ತೆ? ನೀನು ಹುಟ್ಟಿದ ದಿನದಿಂದ ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಈಗ ನಿನ್ನ ಬಾಡಿಗೆಯವಳ ಮೇಲೂ ಶುರುವಾಗಿದೆ.

ಆದರೆ ನಿನ್ನ ಕಾಗದದ ಕೊನೆಯ ಸುದ್ದಿಯನ್ನು ಮತ್ತೆ ಮತ್ತೆ ಓದಿದೆ. ಅರ್ಧ ನೆಲ ಅಗೆದು ದುಡ್ಡು ಮುಗಿದಾಗ, ಸ್ಮಶಾನದಲ್ಲಿ ಅಪ್ಪನ ಪಕ್ಕ ತನಗೆಂದು ಕೊಂಡಿಟ್ಟಿದ್ದ ಜಾಗವನ್ನು ಅಮ್ಮ ಮಾರಿದಳಂತೆ. "ಸತ್ಮೇಲೆ ಎಲ್ಲಿ ಮಲಗಿದ್ರೇನು, ಇರೋವರೆಗೂ ಈ ಮನೆ ಬಿಡಲ್ಲ" ಎಂದಳಂತೆ. ಪ್ರತಿ ಭಾನುವಾರ ಚರ್ಚ್ ಮುಗಿಸಿಕೊಂಡು ಹೋಗಿ, ತನ್ನ ಜಾಗದ ಆ ಖಾಲಿ ಕಲ್ಲನ್ನೂ ಅಪ್ಪನ ಕಲ್ಲಿನ ಜೊತೆಗೇ ಒರೆಸಿ ಬರುತ್ತಿದ್ದವಳು ಅವಳು. ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ನುಂಜಿಯೊನನ್ನು ಕೇಳಿದೆನೆಂದು ಹೇಳು. ಸೊಂಟ ಜೋಪಾನ, ಸೋಫಾ ಬೇಡ, ಮಂಚ ತೆಗೆದುಕೊಳ್ಳಿ.

ನಿನ್ನ ಅಕ್ಕ,
ಫಿಲೊಮೆನಾ

ತಾ.ಕ.: ನಗರಸಭೆಗೆ ದೂರು ಕೊಟ್ಟ ಪುಣ್ಯಾತ್ಮ ಯಾರೋ ಎಂದು ಬರೆದಿದ್ದೀಯ. ಎದುರುಮನೆಯವನನ್ನು ಬಯ್ಯಬೇಡ. ದೂರು ಕೊಟ್ಟವಳು ನಾನು. ಕಿಟಕಿ ಚಿಕ್ಕದೆಂಬುದು ಸುಳ್ಳಲ್ಲ, ಆದರೆ ನಾನು ಹೇಳಿದ್ದು ಅಮ್ಮ ನನ್ನಲ್ಲಿಗೆ ಬರಲಿ ಎಂದು. ಅಪ್ಪನ ಇನ್ನೊಂದು ಪಕ್ಕದ ಜಾಗವನ್ನು ನಾನು ಕೊಂಡಿದ್ದೆ, ಸತ್ತ ಮೇಲೆ ಅಲ್ಲಾದರೂ ಅಮ್ಮನಿಗೆ ನಿನಗಿಂತ ಹತ್ತಿರ ಇರಬಹುದೆಂದು. ಅದನ್ನು ಅಮ್ಮನ ಹೆಸರಿಗೆ ಮಾಡಿಸಿದ್ದೇನೆ, ಪತ್ರ ಇದರೊಳಗಿದೆ. ಎಲ್ಲವನ್ನೂ ಅವಳಿಗೆ ನೀನೇ ಓದಿ ಹೇಳು. ಓದುವಾಗ ಆ ತ್ಸೆರಿಂಗ್ ಅಲ್ಲಿರಕೂಡದು.