ಪರೀಕ್ಷೆಯ ಪಾಠದಲ್ಲಿ ಹೊಳೆವ್ವ

ಬುಧವಾರ, 12 ಫೆಬ್ರುವರಿ 2025. ಪಾಲಬಾವಿ.

ಬಿ.ಇಡ್. ಕೊನೆಯ ಪಾಠದ ಪರೀಕ್ಷೆ ಮುಗಿಯಿತು. ಪಾಸಾಗುತ್ತೇನೆ. ಆದರೂ ಊಟ ಸೇರಲಿಲ್ಲ.

ಇದೊಂದು ಆಗದೆ ನಾನು ಇಂಗ್ಲಿಷ್ ಶಿಕ್ಷಕಿಯಾಗುವಂತಿಲ್ಲ. ಪಾಠದಲ್ಲಿ ನಾನು ಕನ್ನಡ ಆಡಿದರೆ ಅಂಕ ಹೋಗುತ್ತದೆ ಎಂದು ಮಕ್ಕಳಿಗೆ ನಿನ್ನೆಯೇ ಹೇಳಿಟ್ಟಿದ್ದೆ. ಹೊಳೆವ್ವ ನಿನ್ನೆ ಇರಲಿಲ್ಲ. ಕುರಿಗಳ ಜೊತೆ ಹೋಗಿದ್ದವಳು ಇವತ್ತು ಬೆಳಿಗ್ಗೆ ಬಂದಳು. ನಾನು ಈ ಶಾಲೆಗೆ ಬಂದಾಗಿನಿಂದ ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಪಾಠದ ನಡುವೆ ಎದ್ದು ನಿಂತಳು.

“ಅಕ್ಕೋರ, ನನಗ ತಿಳೀಲಿಲ್ರಿ. ಇನ್ನೊಮ್ಮೆ ಹೇಳ್ರಿ.”

ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಕುಳಿತಿದ್ದರು. ನಾನು ಇಂಗ್ಲಿಷಿನಲ್ಲೇ ಮುಂದುವರಿದೆ. ಅವಳು ಮತ್ತೆ ಕೇಳಿದಳು. ಪಕ್ಕದ ನೀಲಮ ಅವಳ ತೋಳು ಜಗ್ಗಿದಳು: “ಸುಮ್ಕ ಕುಂದರ ಬೇ, ಇವತ್ತ ಅಕ್ಕೋರಿಗೆ ಕನ್ನಡ ಬರಂಗಿಲ್ಲ.” ಎಲ್ಲರೂ ನಕ್ಕರು.

“ನಿಮ್ಮ ಬಾಯಾಗ ಒಂದೂ ಕನ್ನಡ ಶಬ್ದ ಬರಲಿಲ್ಲ ನೋಡ್ರಿ, ಶಾಬಾಸ್” ಎಂದರು ಪರೀಕ್ಷಕರು, ಪಾಠ ಮುಗಿದ ಮೇಲೆ.

ಅವರು ಹೋದ ಮೇಲೆ ಹೊಳೆವ್ವನನ್ನು ಕರೆದೆ. “ಈಗ ಕೇಳವಾ, ಏನ್ ತಿಳೀಲಿಲ್ಲ ನಿನಗ?”

ಅವಳು ನನ್ನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ಕೈಕಟ್ಟಿ ನಿಂತು, ತನಗೆ ಬರುವ ಒಂದೇ ಇಂಗ್ಲಿಷ್ ವಾಕ್ಯವನ್ನು ಹೇಳಿದಳು.

“ಮೈ ನೇಮ್ ಈಸ್ ಹೊಳೆವ್ವ.”